ಕೊನೆಯ ಪುಟದ ಚಿತ್ರಕಾರರು

ಪ್ರೌಢಶಾಲೆಯ ಹುಡುಗನೊಬ್ಬನ ಅಥವಾ ಹುಡುಗಿಯೊಬ್ಬಳ ಮನಸ್ಸು ಯಾವ ಕಡೆಗೆ ಒಲಿದಿದೆಯೆಂಬುದನ್ನು ತಿಳಿಯಬಯಸುವವರು ನೋಟುಪುಸ್ತಕದ ಮೊದಲ ಪುಟಗಳನ್ನು ಬಿಟ್ಟು ಕೊನೆಯ ಪುಟಗಳನ್ನು ತಿರುವಬೇಕು. ಮೊದಲ ಪುಟಗಳು ಉಪಾಧ್ಯಾಯರಿಗೆ ಸಲ್ಲತಕ್ಕವು. ಕೊನೆಯವು ಮಗುವಿನ ಸ್ವಂತ ಸೊತ್ತು. ಒಂದು ಕಾಲದಲ್ಲಿ ಅಲ್ಲಿ ಸಿನಿಮಾ ನಟರ ಮುಖಗಳೂ ಕ್ರಿಕೆಟ್ ಆಟಗಾರರ ಭಂಗಿಗಳೂ ಇರುತ್ತಿದ್ದುವು. ಇಂದು ಚಾಮರಾಜನಗರದ ಯಾವುದಾದರೊಂದು ಶಾಲೆಯಲ್ಲಿ, ಗುಂಡ್ಲುಪೇಟೆಯ ಯಾವುದಾದರೊಂದು ಟ್ಯೂಷನ್ ಕೊಠಡಿಯಲ್ಲಿ ಆ ಪುಟಗಳನ್ನು ತೆರೆದರೆ, ಮುಖದ ಬಹುಭಾಗವನ್ನು ಆಕ್ರಮಿಸಿದ ವಿಶಾಲ ನೇತ್ರಗಳೂ, ಒಂದು ಚುಕ್ಕೆಯಲ್ಲಿ ಮುಗಿದುಹೋದ ನಾಸಿಕವೂ, ಮೊನೆಮೊನೆಯಾಗಿ ಸೆಟೆದು ನಿಂತ ಕೇಶವೂ ಉಳ್ಳ ತರುಣ ತರುಣಿಯರು ನೀಲಿ ಬಾಲ್‌ಪೆನ್ನಿನ ಶಾಯಿಯಲ್ಲಿ ನಮ್ಮನ್ನು ದಿಟ್ಟಿಸುತ್ತಾರೆ. ಅನಿಮೆ ಎಂಬ ಜಪಾನಿ ಆನಿಮೇಷನ್ನಿನ ಪಾತ್ರಗಳಾದ ನರುಟೊ, ಲುಫಿ, ಗೊಕು ಎಂಬವರ ಹೆಸರುಗಳು ಹಿರಿಯರಿಗೆ ಅಪರಿಚಿತವಾದರೂ ಮಕ್ಕಳ ಬಾಯಲ್ಲಿ ನಿತ್ಯದ ಬಳಕೆಯವು.

ಇವನ್ನು ಕಂಡ ಹಿರಿಯರ ನಡವಳಿಕೆ ಸಾಮಾನ್ಯವಾಗಿ ಎರಡು ಬಗೆ. “ಓದದ ಬುಟ್ಟು ಇದ್ಯಾನವ್ವ ಗೀಚ್ತ ಕುಂತಿದ್ದಯ್?” ಎಂದು ಗದರಿ ಪುಸ್ತಕವನ್ನು ಕಿತ್ತುಕೊಳ್ಳುವವರು ಕೆಲವರು, ಚಿತ್ರದ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಏರಿಸಿ, ಮನೆಯಲ್ಲಿ ಮಹಾಕಲಾವಿದೆಯೊಬ್ಬಳು ಹುಟ್ಟಿದಳೆಂದು ನಾಲ್ಕು ಜನರಿಗೆ ಹೇಳಿ ತೃಪ್ತರಾಗುವವರು ಮತ್ತೆ ಕೆಲವರು. ಗದರಿಕೆಯಿಂದ ಮಗುವಿನ ಕೈ ಮುದುಡುತ್ತದೆ. ಅತಿಪ್ರಶಂಸೆಯಿಂದ ಅದು ನಿಂತಲ್ಲಿಯೇ ನಿಲ್ಲುತ್ತದೆ. ತಾನು ಅನುಕರಿಸುತ್ತಿರುವ ಶೈಲಿಯ ಹಿಂದೆ ಎಂತಹ ನೋಟವಿದೆಯೆಂಬುದನ್ನು ಪಕ್ಕದಲ್ಲಿ ಕುಳಿತು ತೋರಿಸಿಕೊಡುವ ಶಿಕ್ಷಣ ಮಾತ್ರ ಅದಕ್ಕೆ ಯಾರಿಂದಲೂ ದೊರೆಯುವುದಿಲ್ಲ. ಅನಿಮೆಯ ಶೈಲಿಯಲ್ಲಿ ಚಿತ್ರ ಬರೆಯುವುದನ್ನು ನಮ್ಮ ಮಕ್ಕಳು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ಆ ಶೈಲಿಯನ್ನು ಕಟ್ಟಿದ ಹಿರಿಯರು ಹೇಗೆ ಕಲಿತರೋ ಹಾಗೆ, ಕಣ್ಣೆದುರಿನ ಲೋಕವನ್ನು ನೋಡಿ ನೋಡಿ ಬರೆಯುತ್ತ ಕಲಿಯಲಿ ಎಂಬುದು ನನ್ನ ಅರಿಕೆ. ಇದಕ್ಕೆ ಬೇಕಾದ ಪರಂಪರೆಯೂ ನೋಟದ ವಸ್ತುಗಳೂ ಈ ಗಡಿಜಿಲ್ಲೆಯಲ್ಲಿಯೇ ಸಮೃದ್ಧವಾಗಿವೆಯೆಂಬುದು ನನ್ನ ದೃಢವಾದ ನಂಬಿಕೆ.

ಈಚೆಗೆ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಮೈಸೂರಿನ ಬಸ್ಸಿಗೆ ಕಾಯುತ್ತ ಕುಳಿತಿದ್ದಾಗ, ಪಕ್ಕದಲ್ಲಿ ಸಮವಸ್ತ್ರ ಧರಿಸಿದ ಬಾಲಕಿಯೊಬ್ಬಳು ತೊಡೆಯ ಮೇಲೆ ಲಾಂಗ್ ನೋಟ್‌ಬುಕ್ಕನ್ನಿಟ್ಟು ಬರೆಯುತ್ತಿದ್ದ ಇಂತಹ ಚಿತ್ರಗಳನ್ನು ಅವಳನ್ನು ಕೇಳಿಕೊಂಡು ನೋಡಿದೆನು. ಕಣ್ಣಿನ ಮೇಲ್ರೆಪ್ಪೆಯ ದಪ್ಪ ಗೆರೆಯನ್ನು ಆಕೆ ಒಂದೇ ಎಳೆತದಲ್ಲಿ ಎಳೆದು, ಕೊನೆಯಲ್ಲಿ ಪೆನ್ನನ್ನು ಮೆಲ್ಲನೆ ಎತ್ತಿ, ತುದಿಯನ್ನು ಕೂದಲೆಳೆಯಷ್ಟು ಸಪೂರವಾಗಿ ಮುಗಿಸುತ್ತಿದ್ದ ರೀತಿ ಬಲ್ಲವರೂ ಮೆಚ್ಚತಕ್ಕದ್ದಾಗಿತ್ತು. ಆದರೆ ಪುಟಗಳನ್ನು ತಿರುವಿದಂತೆ ಮತ್ತೊಂದು ಸಂಗತಿ ಕಂಡುಬಂದಿತು. ಎಲ್ಲ ಮುಖಗಳೂ ಎಡಕ್ಕೆ ಅರೆಹೊರಳಿ ನಿಂತಿದ್ದುವು. ಎಲ್ಲರಿಗೂ ಆಚೆಯ ಕಣ್ಣಿನ ಮೇಲೆ ಕೂದಲು ಇಳಿಬಿದ್ದಿತ್ತು. ಎಲ್ಲರ ಕೈಗಳೂ ಜೇಬಿನಲ್ಲಿಯೋ ಬೆನ್ನ ಹಿಂದೆಯೋ ಅಡಗಿದ್ದುವು. ಸೊಂಟದಿಂದ ಕೆಳಗೆ ಯಾರಿಗೂ ದೇಹವಿರಲಿಲ್ಲ. ಏಕೆಂದು ಕೇಳಿದ್ದಕ್ಕೆ, “ಆ ಕಡೆ ಕಣ್ಣು ಈ ಕಡೆದರಂಗೆ ಬರಲ್ಲ ಸಾರ್, ಕೈಬೆರಳಂತೂ ಬರದೇ ಇಲ್ಲ” ಎಂದಳು. ಯಾರು ಹೇಳಿಕೊಟ್ಟರೆಂದರೆ ಯಾರೂ ಇಲ್ಲ. ಮೊಬೈಲಿನಲ್ಲಿ ಚಿತ್ರವನ್ನು ನಿಲ್ಲಿಸಿಕೊಂಡು ನೋಡಿ ಬರೆದದ್ದು.

ಕಷ್ಟವಾದ ಕಣ್ಣನ್ನು ಕೂದಲಿನಿಂದ ಮುಚ್ಚುವುದು, ಬಾರದ ಕೈಯನ್ನು ಜೇಬಿನೊಳಗೆ ಸೇರಿಸುವುದು, ಇವು ಆ ಹುಡುಗಿಯೊಬ್ಬಳ ಕೊರತೆಯೆಂದು ಯಾರೂ ಭಾವಿಸಬಾರದು. ಗುರುವಿಲ್ಲದೆ ಅನಿಮೆಯನ್ನು ಅಭ್ಯಾಸ ಮಾಡುವ ಪ್ರಾರಂಭಿಕರು ಟೋಕಿಯೋ ನಗರದಲ್ಲಿದ್ದರೂ ನಮ್ಮ ತೆರಕಣಾಂಬಿಯಲ್ಲಿದ್ದರೂ ಇದೇ ಉಪಾಯಗಳನ್ನು ಹೂಡುತ್ತಾರೆ. ಮೊಬೈಲಿನ ಪರದೆಯ ಮೇಲೆ ನಿಂತಿರುವ ಚಿತ್ರವು ಒಬ್ಬ ಪರಿಣತ ಕಲಾವಿದನು ನೂರು ಗೆರೆಗಳನ್ನು ಎಳೆದು ತೊಂಬತ್ತನ್ನು ಬಿಟ್ಟ ಮೇಲೆ ಉಳಿದುಕೊಂಡ ಸಾರ. ಬಿಟ್ಟ ಗೆರೆಗಳು ಯಾವುವು, ಏಕೆ ಬಿಟ್ಟನು ಎಂಬುದು ಪರದೆಯ ಮೇಲೆ ಕಾಣಿಸುವುದಿಲ್ಲ. ಪ್ರಾರಂಭಿಕನು ಉಳಿದ ಹತ್ತನ್ನು ಮಾತ್ರ ಕಂಠಪಾಠ ಮಾಡುತ್ತಾನೆ; ಆದಕಾರಣ ಮುಖವನ್ನು ಒಂದಿಷ್ಟು ಬೇರೆ ಕಡೆಗೆ ತಿರುಗಿಸಬೇಕಾಗಿ ಬಂದೊಡನೆ ಅವನ ಕೈ ಸ್ತಬ್ಧವಾಗುತ್ತದೆ.

ಹಾಗಾದರೆ ಆ ಗೆರೆಗಳಿಗೆ ಇದ್ದ ಕಾರಣಗಳಾದರೂ ಏನು? ಈ ಶೈಲಿಯ ಮೂಲಪುರುಷರೆಂದು ಜಪಾನೀಯರು ಗೌರವಿಸುವ ತೆಜುಕ ಒಸಾಮು ಅವರು 1928ರಲ್ಲಿ ಜನಿಸಿ, ತಕರಜುಕ ಎಂಬ ಊರಿನಲ್ಲಿ ಬೆಳೆದರು. ಆ ಊರು ಸ್ತ್ರೀಯರೇ ಎಲ್ಲ ಪಾತ್ರಗಳನ್ನೂ ವಹಿಸುವ ಸಂಗೀತ ನಾಟಕಗಳಿಗೆ ಪ್ರಸಿದ್ಧವಾದುದು. ರಂಗದ ದೀಪಗಳ ಬೆಳಕಿನಲ್ಲಿ ಹೊಳೆಯುವ, ದಟ್ಟವಾಗಿ ಕಾಡಿಗೆ ತೀಡಿದ ನಟಿಯರ ಕಣ್ಣುಗಳನ್ನು ಬಾಲಕನು ತಾಯಿಯ ಜೊತೆಯಲ್ಲಿ ಕುಳಿತು ನೋಡಿದನು. ಅಮೆರಿಕದ ಡಿಸ್ನಿ ಚಿತ್ರಗಳ ದೊಡ್ಡ ಕಣ್ಣಿನ ಪ್ರಾಣಿಗಳ ಪ್ರಭಾವವೂ ಇದಕ್ಕೆ ಸೇರಿತು. ಮುಂದೆ 1963ರ ಜನವರಿ 1ರಂದು ಅವರ ಆಸ್ಟ್ರೋ ಬಾಯ್ ಎಂಬ ಅನಿಮೆ ಧಾರಾವಾಹಿ ಜಪಾನಿನ ದೂರದರ್ಶನದಲ್ಲಿ ಪ್ರಾರಂಭವಾದಾಗ, ವಾರಕ್ಕೊಂದು ಕಂತನ್ನು ಅಲ್ಪ ಹಣದಲ್ಲಿ ಮುಗಿಸಬೇಕಾದ ನಿರ್ಬಂಧ ಒದಗಿತು. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಹಾದುಹೋಗುತ್ತವೆ. ಒಂದೊಂದು ಚಿತ್ರವನ್ನು ಮೂರು ಚೌಕಟ್ಟುಗಳ ಕಾಲ ಹಿಡಿದು ನಿಲ್ಲಿಸಿದರೆ 8 ಚಿತ್ರಗಳಲ್ಲಿ ಕೆಲಸ ಸಾಗುತ್ತದೆ. ದೇಹವು ಹೆಚ್ಚು ಚಲಿಸದಿದ್ದ ಮೇಲೆ ಭಾವವನ್ನು ಹೊರತಕ್ಕ ಭಾರ ಕಣ್ಣುಗಳ ಮೇಲೆ ಬಿದ್ದಿತು. ಸಾವಿರಾರು ಸಲ ಮತ್ತೆ ಮತ್ತೆ ಬರೆಯಬೇಕಾದ ಮೂಗು ಒಂದು ಚುಕ್ಕೆಗೆ ಇಳಿಯಿತು. ಗೊಕುವಿನ ಕರಿಯ ಕೂದಲು ಅವನು ಮಹಾಶಕ್ತಿಯನ್ನು ಪಡೆದಾಗ ಹೊಂಬಣ್ಣವಾಗುವುದನ್ನು ಮಕ್ಕಳೆಲ್ಲ ಬಲ್ಲರು; ಗೊಕುವನ್ನು ಸೃಷ್ಟಿಸಿದ ತೊರಿಯಾಮ ಅಕಿರ ಅವರು, ಪತ್ರಿಕೆಯ ಪುಟದಲ್ಲಿ ಆ ಕೂದಲನ್ನು ಬಿಳಿಯದಾಗಿ ಬಿಟ್ಟರೆ ಗಂಟೆಗಟ್ಟಲೆ ಕಪ್ಪು ತುಂಬುವ ಸಹಾಯಕನ ಶ್ರಮ ಉಳಿಯುವುದೆಂಬುದೂ ಇದಕ್ಕೆ ಒಂದು ಕಾರಣವೆಂದು ಹೇಳಿದ್ದಾರೆ. ನಾವು ಸೌಂದರ್ಯವೆಂದು ಆರಾಧಿಸುವ ಎಷ್ಟೋ ಗೆರೆಗಳು ಹೀಗೆ ಶ್ರಮದ, ಕಾಲದ, ಹಣದ ಲೆಕ್ಕಾಚಾರದಿಂದ ಹುಟ್ಟಿದವು. ಇದರಿಂದ ಅವುಗಳ ಘನತೆಗೆ ಲವಲೇಶವೂ ಕುಂದಿಲ್ಲ.

ಆದರೆ ಇಷ್ಟು ಕಡಮೆ ಗೆರೆಗಳಲ್ಲಿ ಇಷ್ಟು ಜೀವವನ್ನು ತುಂಬುವ ಸಾಮರ್ಥ್ಯ ತೆಜುಕ ಅವರಿಗೆ ಎಲ್ಲಿಂದ ಬಂದಿತೆಂದು ಕೇಳಬೇಕು. ಅವರು ಬಾಲ್ಯದಲ್ಲಿ ಕೀಟಗಳನ್ನು ಸಂಗ್ರಹಿಸುತ್ತಿದ್ದರು. ಜೀರುಂಡೆಗಳನ್ನೂ ಚಿಟ್ಟೆಗಳನ್ನೂ ಕಾಲುಗಳ ಗಂಟುಗಂಟು ಸಹಿತವಾಗಿ, ಶಾಸ್ತ್ರಗ್ರಂಥದ ಚಿತ್ರಗಳೋ ಎಂಬಷ್ಟು ನಿಖರವಾಗಿ ಬರೆದಿಡುತ್ತಿದ್ದರು. ಆ ಪ್ರೀತಿಯಿಂದಲೇ ತಮ್ಮ ಲೇಖನನಾಮದಲ್ಲಿ ಕೀಟವನ್ನು ಸೂಚಿಸುವ ಅಕ್ಷರವೊಂದನ್ನು ಸೇರಿಸಿಕೊಂಡರು. ಬಳಿಕ ವೈದ್ಯಶಾಸ್ತ್ರವನ್ನು ಓದಿ ಮಾನವದೇಹದ ರಚನೆಯನ್ನು ಅರಿತರು. 1972ರಿಂದ 1983ರವರೆಗೆ ನಮ್ಮ ಬುದ್ಧನ ಜೀವಿತವನ್ನು ಸಾವಿರಾರು ಪುಟಗಳ ಚಿತ್ರಕಥೆಯಾಗಿ ಬರೆದ ಕೈ ಇದೇ. ಇವರಿಗೂ ಹಿಂದೆ, 1760ರಲ್ಲಿ ಹುಟ್ಟಿದ ಹೊಕುಸಾಯಿ ಎಂಬ ಮಹಾಚಿತ್ರಕಾರರು 1814ರಿಂದ ಹೊರಬಂದ ತಮ್ಮ ಮಾಂಗಾ ಸಂಪುಟಗಳಲ್ಲಿ ಮಲ್ಲರು, ಬೆಸ್ತರು, ಸ್ನಾನ ಮಾಡುವವರು, ಕಪ್ಪೆ, ಹುಲ್ಲು, ಮಳೆಗೆ ಕೊಡೆ ಹಿಡಿದು ಓಡುವವರು, ಹೀಗೆ ಕಂಡದ್ದನ್ನೆಲ್ಲ ಬರೆದು, ವಿದ್ಯಾರ್ಥಿಗಳು ನೋಡಿ ಕಲಿಯಲೆಂದು ಕೊಟ್ಟರು. ಆ ಮಾಲೆ ಒಟ್ಟು 15 ಸಂಪುಟಗಳಿಗೆ ಬೆಳೆಯಿತು. ಎಪ್ಪತ್ತರ ವಯಸ್ಸನ್ನು ದಾಟಿದ ಮೇಲೆ, ಪಕ್ಷಿಮೃಗಗಳ ದೇಹರಚನೆಯೂ ಗಿಡಗಳು ಬೆಳೆಯುವ ಕ್ರಮವೂ ತಮಗೆ ಈಗೀಗ ಸ್ವಲ್ಪ ತಿಳಿಯುತ್ತಿದೆಯೆಂದು ಅವರು ಬರೆದುಕೊಂಡದ್ದುಂಟು.

ಅದೇ ಹೊಕುಸಾಯಿ ಅವರು 1812ರಲ್ಲಿ ಪ್ರಾರಂಭಿಕರಿಗಾಗಿ ಬೇರೊಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದರು. ಯಾವ ವಸ್ತುವನ್ನಾಗಲಿ ವೃತ್ತಗಳಿಂದಲೂ ಸರಳರೇಖೆಗಳಿಂದಲೂ ಹೇಗೆ ಕಟ್ಟಬಹುದೆಂಬುದನ್ನು ಅದರಲ್ಲಿ ತೋರಿಸಿದ್ದಾರೆ: ಪುಟದ ಒಂದು ಕಡೆ ಸಿದ್ಧವಾದ ಪ್ರಾಣಿ, ಇನ್ನೊಂದು ಕಡೆ ಅದರೊಳಗಿನ ವೃತ್ತಗಳು. ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿಯ ಜಾಮಿಟ್ರಿ ಬಾಕ್ಸಿನಲ್ಲಿ ಕೈವಾರವೂ ಸ್ಕೇಲೂ ಇವೆ. ಅವುಗಳಿಂದ ರೇಖಾಗಣಿತದ ಪ್ರಮೇಯಗಳಲ್ಲದೆ ಕೋಣವೊಂದರ ಭುಜವನ್ನೂ ಕಟ್ಟಬಹುದೆಂದು ಯಾರೂ ಅವರಿಗೆ ಹೇಳುವುದಿಲ್ಲ.

ನಮ್ಮ ದೇಶದಲ್ಲಿಯೂ ಇಂತಹ ವಿಚಾರ ನಡೆಯಲಿಲ್ಲವೆಂದು ತಿಳಿಯಬಾರದು. ವಿಷ್ಣುಧರ್ಮೋತ್ತರ ಪುರಾಣದ ತೃತೀಯ ಖಂಡದಲ್ಲಿರುವ ಚಿತ್ರಸೂತ್ರವು ಅನಿಮೆಯನ್ನು ಕಲಿಯುವ ಮಗುವಿಗೆ ಇಂದಿಗೂ ಉಪಕಾರಕವಾದ ಗ್ರಂಥವೆಂದು ನಾನು ಹೇಳಿದರೆ ಕೆಲವರಿಗೆ ಸೋಜಿಗವಾದೀತು. ಅದರಲ್ಲಿ ಕಣ್ಣುಗಳು ಒಂದೇ ಬಗೆಯವಲ್ಲ: ಧ್ಯಾನಸ್ಥನಿಗೆ ಬಿಲ್ಲಿನಾಕಾರದ ಕಣ್ಣು, ಪ್ರಣಯಿಗಳಿಗೆ ಮೀನಿನ ಉದರದಂತಹ ಕಣ್ಣು, ಪ್ರಶಾಂತನಿಗೆ ನೈದಿಲೆಯ ಎಸಳಿನ ಕಣ್ಣು, ಭೀತರಾದವರಿಗೂ ಅಳುವವರಿಗೂ ತಾವರೆಯ ಎಸಳಿನ ಕಣ್ಣು ಎಂದು ಶಾಸ್ತ್ರಕಾರನು ಭಾವಕ್ಕೆ ಅನುಗುಣವಾಗಿ ವಿಂಗಡಿಸುತ್ತಾನೆ. ಮನುಷ್ಯರ ಪ್ರಮಾಣಗಳು ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂದು ಐದು. ಹಂಸನಿಗೆ 108 ಅಂಗುಲವಾದರೆ ಶಶಕನಿಗೆ 90. ಜಪಾನಿನ ಚಿತ್ರಕಾರರು ವೀರನಿಗೆ ಏಳು ತಲೆಯ ಎತ್ತರ, ಮುದ್ದುಮಗುವಿನ ರೂಪಕ್ಕೆ ಎರಡು ಮೂರು ತಲೆಯ ಎತ್ತರ ಎಂದು ಅಳೆಯುವುದೂ ಇದೇ ಮಾರ್ಗದ ವಿಚಾರ. ಎಲ್ಲಕ್ಕಿಂತ ಮುಖ್ಯವಾಗಿ, ದೇಹವನ್ನು ನೋಡತಕ್ಕ ಒಂಬತ್ತು ಸ್ಥಾನಗಳನ್ನು ಅದು ವಿವರಿಸುತ್ತದೆ. ನೇರವಾಗಿ ನಿಂತದ್ದು, ಓರೆಯಾದದ್ದು, ಪಾರ್ಶ್ವದಿಂದ ಕಂಡದ್ದು, ಬೆನ್ನು ತಿರುಗಿಸಿದ್ದು, ಬಾಗಿದ್ದು ಮೊದಲಾದವುಗಳಲ್ಲಿ ಅಂಗಗಳು ಹೇಗೆ ಕುಗ್ಗುತ್ತವೆ, ಹೇಗೆ ಹಿಗ್ಗುತ್ತವೆ ಎಂಬುದಕ್ಕೆ ಕ್ಷಯವೃದ್ಧಿಯೆಂದು ಹೆಸರು. ಬಸ್ ನಿಲ್ದಾಣದ ಆ ಬಾಲಕಿಗೆ ಆಚೆಯ ಕಣ್ಣು ಏಕೆ ಬಾರದೆಂಬ ಪ್ರಶ್ನೆಗೆ ಉತ್ತರ ಈ ಒಂದು ಪದದಲ್ಲಿದೆ: ಆ ಕಣ್ಣು ಈಚೆಯ ಕಣ್ಣಿನ ಪ್ರತಿಯಾಗಿರಬೇಕೆಂದು ಅವಳು ಬಯಸುತ್ತಾಳೆ, ಅದಾದರೋ ತಲೆಯ ದುಂಡಿನ ಆಚೆಗೆ ಹೊರಳಿ ಕುಗ್ಗಿರತಕ್ಕದ್ದು.

ಇನ್ನು ಚಾಮರಾಜನಗರಕ್ಕಂತೂ ಚಿತ್ರಕಲೆಯೊಡನೆ ಹುಟ್ಟಿನ ನಂಟು ಇದೆ. ಅರಿಕುಠಾರವೆಂಬ ಪೂರ್ವನಾಮದ ಈ ಊರಿಗೆ 1818ರಲ್ಲಿ ತಮ್ಮ ತಂದೆಯ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರೇ ಶ್ರೀತತ್ತ್ವನಿಧಿಯೆಂಬ ಸಚಿತ್ರ ಮಹಾಗ್ರಂಥವನ್ನು ಸಿದ್ಧಪಡಿಸಿದವರು. ಶಕ್ತಿನಿಧಿಯಿಂದ ಕೌತುಕನಿಧಿಯವರೆಗೆ ಒಂಬತ್ತು ನಿಧಿಗಳಲ್ಲಿ ದೇವತೆಗಳ ವರ್ಣ, ಆಯುಧ, ಆಸನ, ಮುಖಭಾವಗಳನ್ನು ಶ್ಲೋಕಸಮೇತವಾಗಿ ಚಿತ್ರಿಸಿರುವ ಆ ಗ್ರಂಥವು, ಇಂದಿನ ಅನಿಮೆ ನಿರ್ಮಾಣಶಾಲೆಗಳಲ್ಲಿ ಒಂದೊಂದು ಪಾತ್ರಕ್ಕೂ ಸಿದ್ಧಪಡಿಸುವ ಮಾದರಿ ಹಾಳೆಗಳ ಕಾರ್ಯವನ್ನೇ ಮಾಡುತ್ತಿತ್ತು. ಮೈಸೂರಿನ ಚಿತ್ರಗಾರರು ಹುಣಸೆಯ ಕಡ್ಡಿಗಳನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ರೇಖೆಗಳನ್ನು ಎಳೆದು, ತಿದ್ದಿ, ಆಮೇಲೆ ಬಣ್ಣಕ್ಕೆ ಕೈಹಾಕುತ್ತಿದ್ದರು. ತಿದ್ದಬಹುದಾದ ಸಾಧನದಿಂದ ಮೊದಲಿಡಬೇಕೆಂಬ ಈ ವಿವೇಕವನ್ನು ಬಾಲ್‌ಪೆನ್ನಿನಿಂದಲೇ ಪ್ರಾರಂಭಿಸುವ ಮಕ್ಕಳು ಗಮನಿಸಬೇಕು. ಪೆನ್ಸಿಲ್ಲಿನಿಂದ ಹಗುರವಾಗಿ ಎಳೆದ ತಪ್ಪು ಗೆರೆಯು ಅದರ ಪಕ್ಕದಲ್ಲಿ ಸರಿಯಾದ ಗೆರೆ ಎಲ್ಲಿ ಬರಬೇಕೆಂಬುದನ್ನು ತೋರಿಸಿಕೊಡುತ್ತದೆ. ಚಾಮರಾಜೇಶ್ವರನ ಗೋಪುರದ ಗಾರೆಯ ಮೂರ್ತಿಗಳನ್ನು ಕತ್ತೆತ್ತಿ ನೋಡಿದವರಿಗೆ ಮತ್ತೊಂದು ಪಾಠವುಂಟು. ಅಷ್ಟು ಎತ್ತರದಲ್ಲಿರುವ ದ್ವಾರಪಾಲಕನ ಭಾವ ನೆಲದ ಮೇಲಿರುವ ಭಕ್ತನಿಗೆ ತಲಪಬೇಕಾದರೆ ಅವನ ಕಣ್ಣುಗಳು ಸಹಜಕ್ಕಿಂತ ದೊಡ್ಡವಾಗಿ, ಕಪ್ಪು ಅಂಚಿನಿಂದ ಕೂಡಿರಲೇಬೇಕು.

ಪರದೇಶದ ಶೈಲಿಯನ್ನು ಕಲಿತರೆ ನಮ್ಮತನ ನಷ್ಟವಾಗುವುದೆಂಬ ಆಕ್ಷೇಪಣೆಯನ್ನು ನಾನು ಬಲ್ಲೆನು. ಅದನ್ನು ಎತ್ತುವವರ ಕಳಕಳಿಯನ್ನು ಗೌರವಿಸುತ್ತೇನೆ. ಆದರೆ ಕನ್ನಡನಾಡಿನ ಕಲೆಗೆ ಜಪಾನಿನ ಋಣ ಹೊಸದಲ್ಲ. ಜಪಾನಿನ ಕಲಾಚಿಂತಕ ಒಕಾಕುರ ಅವರು ಕಲ್ಕತ್ತಕ್ಕೆ ಬಂದುಹೋದ ಬಳಿಕ, 1903ರಲ್ಲಿ ಯೊಕೊಯಾಮ ತೈಕಾನ್ ಮತ್ತು ಹಿಷಿದ ಶುನ್ಸೊ ಎಂಬ ಇಬ್ಬರು ಜಪಾನಿ ಚಿತ್ರಕಾರರು ಅಲ್ಲಿಗೆ ಬಂದರು. ಅವರ ಕೆಲಸವನ್ನು ನೋಡಿ ಅವನೀಂದ್ರನಾಥ ಠಾಕೂರರು ಬಣ್ಣವನ್ನು ನೀರಿನಲ್ಲಿ ತೊಳೆದು ತೊಳೆದು ಮಂಜಿನಂತೆ ಹರಡುವ ವಾಷ್ ಪದ್ಧತಿಯನ್ನು ರೂಢಿಸಿದರು. ಮೈಸೂರು ಆಸ್ಥಾನದ ಚಿತ್ರಗಾರರ ವಂಶದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು 1909ರಲ್ಲಿ ಆ ಗುರುವಿನ ಬಳಿಗೆ ಹೋಗಿ, ಏಳು ವರ್ಷಗಳ ಕಾಲ ಅಭ್ಯಾಸ ಮಾಡಿ ನಾಡಿಗೆ ಹಿಂದಿರುಗಿದರು. ಆಮೇಲೆ ಅವರು ಉದಕಮಂಡಲದ ಗಿರಿಗಳನ್ನೂ ಮಳೆಗಾಲದ ಮುಗಿಲುಗಳನ್ನೂ ಬರೆದ ಜಲವರ್ಣದ ಚಿತ್ರಗಳು ಇಂದು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ಸಂಪತ್ತಾಗಿವೆ. ಅವನ್ನು ನೋಡಿದ ಯಾರಾದರೂ ಜಪಾನಿನ ಅನುಕರಣವೆಂದು ಹೇಳುವರೆ? ಕಲಿತ ಕೈ ಕಂಡ ಬೆಟ್ಟದ ಮುಂದೆ ಗಂಟೆಗಟ್ಟಲೆ ಕುಳಿತದ್ದರಿಂದ ಅವು ವೆಂಕಟಪ್ಪನವರ ಚಿತ್ರಗಳಾದುವು. ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ಹೆದ್ದಾರಿಯಲ್ಲಿಯೇ ಗುಂಡ್ಲುಪೇಟೆ ಇದೆ. ಅವೇ ನೀಲಗಿರಿಗಳು ಅಲ್ಲಿಯ ಮಕ್ಕಳ ದಿನನಿತ್ಯದ ದಿಗಂತ. ಋಣವು ಏಕಮುಖವಾದುದೂ ಅಲ್ಲ. ಯುಗೊ ಸಾಕೊ ಎಂಬ ಜಪಾನೀಯರು ನಮ್ಮ ರಾಮ್ ಮೋಹನ್ ಮೊದಲಾದವರ ಜೊತೆಗೂಡಿ 1992ರಲ್ಲಿ ರಾಮಾಯಣವನ್ನೇ ಅನಿಮೆಯಾಗಿ ಮುಗಿಸಿದರು.

ಹೀಗಿರಲು ಪ್ರಾರಂಭಿಕನು ಮಾಡತಕ್ಕ ಅಭ್ಯಾಸ ಯಾವುದು? ಒಂದು ಪ್ಲಾಸ್ಟಿಕ್ ಚೆಂಡನ್ನು ತೆಗೆದುಕೊಂಡು ಅದರ ಮೇಲೆ ಮೇಲಿಂದ ಕೆಳಕ್ಕೆ ಒಂದು ಗೆರೆಯನ್ನೂ ಅಡ್ಡಲಾಗಿ ಒಂದು ಗೆರೆಯನ್ನೂ ಸುತ್ತ ಎಳೆಯಲಿ. ಮೊದಲನೆಯದು ಮೂಗಿನ ದಾರಿ, ಎರಡನೆಯದು ಕಣ್ಣುಗಳ ದಾರಿ. ಚೆಂಡನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ತಿರುಗಿಸುತ್ತ ಆ ಗೆರೆಗಳು ಹೇಗೆ ಬಾಗುತ್ತವೆಂದು ನೋಡಿ ನೋಡಿ ಬರೆಯಲಿ, ಮುಖ ಆಮೇಲೆ. ನಮ್ಮ ಹೆಣ್ಣುಮಕ್ಕಳು ಬೆಳಗ್ಗೆ ಅಂಗಳದಲ್ಲಿ ರಂಗೋಲಿ ಇಡುವಾಗ ಮೊದಲು ಚುಕ್ಕಿಗಳನ್ನು ಸಾಲಾಗಿ ಇಟ್ಟು ಬಳಿಕ ಎಳೆಯನ್ನು ಸುತ್ತಿಸುವಂತೆ, ಇಲ್ಲಿಯೂ ಕಾಣದ ಕಟ್ಟು ಮೊದಲು, ಕಾಣುವ ಗೆರೆ ನಂತರ. ಚಿತ್ರ ಮುಗಿದ ಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಬೇಕು. ಮುಂಭಾಗದಿಂದ ನೋಡಿ ರೂಢಿಯಾದ ಕಣ್ಣಿಗೆ ಸರಿಯೆನ್ನಿಸಿದ್ದ ಮುಖವು ಹಿಂದಿನಿಂದ ಸೊಟ್ಟಗಾಗಿ ಕಾಣಿಸುತ್ತದೆ: ಒಂದು ಕಣ್ಣು ಮೇಲೇರಿರುತ್ತದೆ, ದವಡೆ ಒಂದು ಕಡೆಗೆ ವಾಲಿರುತ್ತದೆ. ವೃತ್ತಿನಿರತ ಚಿತ್ರಕಾರರೂ ಈ ಪರೀಕ್ಷೆಯನ್ನು ಬಿಡುವುದಿಲ್ಲ. ಇದಕ್ಕೆ ಖರ್ಚು ಏನೂ ಇಲ್ಲ.

ಕೈಬೆರಳುಗಳ ವಿಷಯದಲ್ಲಿ ಪರಿಹಾರ ಗುಂಡ್ಲುಪೇಟೆಯ ಬೀದಿಯಲ್ಲಿಯೇ ಕುಳಿತಿದೆ. ಹೂ ಕಟ್ಟುವ ಹೆಂಗಸರ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹೂಗಳು ನಿಂತಿರುತ್ತವೆ; ಬಲಗೈ ದಾರವನ್ನು ಬೆರಳಿಗೆ ಸುತ್ತಿ, ಕುಣಿಕೆ ಮಾಡಿ, ಹೂವಿನ ತೊಟ್ಟಿಗೆ ತೊಡಿಸಿ, ಜಗ್ಗುತ್ತದೆ; ಮತ್ತೆ ಅದೇ, ಮತ್ತೆ ಅದೇ. ಒಂದು ಭಂಗಿಯನ್ನು ಪೂರ್ತಿ ನೋಡುವುದರೊಳಗೆ ಅದು ಕಳೆದುಹೋದರೂ ಮರುಕ್ಷಣದಲ್ಲಿ ಮರಳಿ ಬರುತ್ತದೆ. ಪ್ರಾರಂಭಿಕನಿಗೆ ಇದಕ್ಕಿಂತ ಉದಾರವಾದ ಮಾದರಿ ಎಲ್ಲಿ ದೊರಕೀತು? ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳಿಗೆ ಎದುರಾಗಿ ಬೇರೊಂದು ದಿಕ್ಕಿನಿಂದ ಹೊರಡುತ್ತದೆ, ಗೆಣ್ಣುಗಳು ಒಂದು ಸಾಲಿನಲ್ಲಿರದೆ ಕಮಾನಾಗಿ ಇಳಿಯುತ್ತವೆ ಎಂಬುದನ್ನು ಯಾವ ಪುಸ್ತಕವೂ ಆ ಕೈಗಳಷ್ಟು ಸ್ಪಷ್ಟವಾಗಿ ಹೇಳಲಾರದು. ಅವರ ಅನುಮತಿಯನ್ನು ಪಡೆದು, ಅವರ ಕೆಲಸಕ್ಕೆ ಅಡ್ಡಿಯಾಗದಂತೆ ಬರೆದುಕೊಳ್ಳಬೇಕೆಂಬುದನ್ನು ಮಕ್ಕಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಚಲನೆಯನ್ನು ಕಲಿಯಬೇಕಾದವರಿಗೆ ಮಲೆಮಹದೇಶ್ವರನ ಕಂಸಾಳೆಯವರಿದ್ದಾರೆ. ಬೀಸು ಕಂಸಾಳೆಯಲ್ಲಿ ಒಬ್ಬನು ಬಾಗಿ, ಇನ್ನೊಬ್ಬನು ಅವನ ಮೇಲಿಂದ ಕಂಸಾಳೆಯನ್ನು ಬೀಸಿ ತಾಳಕ್ಕೆ ಸರಿಯಾಗಿ ತಾಗಿಸುವಾಗ, ಹಿಮ್ಮಡಿಯಿಂದ ಬೆರಳ ತುದಿಯವರೆಗೆ ದೇಹವೆಲ್ಲವೂ ಒಂದೇ ಬಾಗಿದ ರೇಖೆಯಾಗುತ್ತದೆ. ಜಪಾನಿನ ನಿರ್ಮಾಣಶಾಲೆಗಳಲ್ಲಿ ಅನುಭವಿಗಳು ಚಲನೆಯ ಮುಖ್ಯ ಭಂಗಿಗಳನ್ನು ಬರೆಯುತ್ತಾರೆ. ಹೊಸದಾಗಿ ಸೇರಿದವರು ನಡುವಣ ಚಿತ್ರಗಳನ್ನು ತುಂಬುತ್ತಾರೆ. ಕಂಸಾಳೆಯ ಒಂದು ಬೀಸಿನಲ್ಲಿ ಮುಖ್ಯ ಭಂಗಿಗಳು ಯಾವುವೆಂದು ಗುರುತಿಸಿ, ಮುಖವನ್ನೂ ಬಟ್ಟೆಯ ಮಡಿಕೆಯನ್ನೂ ಬಿಟ್ಟು ಬರಿಯ ಕಡ್ಡಿಗೆರೆಗಳಲ್ಲಿ ಹಿಡಿದಿಡುವುದು ಉತ್ತಮವಾದ ಅಭ್ಯಾಸ. ಆಷಾಢದಲ್ಲಿ ಚಾಮರಾಜೇಶ್ವರನ ರಥೋತ್ಸವ ನಡೆಯುವಾಗ, ಹೊಸದಾಗಿ ಮದುವೆಯಾದ ದಂಪತಿಗಳು ತೇರಿನತ್ತ ಹಣ್ಣು ಎಸೆಯುವ ಆ ಜನಸಂದಣಿಯಲ್ಲಿ ಎಸೆಯುವ ತೋಳು, ನಾಚುವ ಮುಖ, ಮಗುವನ್ನು ಹೆಗಲಿಗೇರಿಸಿದ ತಂದೆ, ಎಲ್ಲವೂ ಒಂದೇ ನೋಟದಲ್ಲಿ ಲಭ್ಯವಾಗುತ್ತವೆ.

ಹಿನ್ನೆಲೆಯ ಚಿತ್ರಣಕ್ಕೆ ಬಂದರೆ, 1988ರ ಟೊಟೊರೊ ಎಂಬ ಚಿತ್ರದ ಮರಗಳನ್ನೂ ಹೊಲದ ಬದುಗಳನ್ನೂ ಬರೆದ ಓಗ ಕಜುಒ ಅವರ ಕೆಲಸವನ್ನು ನೋಡಿದವರಿಗೆ, ಕಳೆಗಿಡವೂ ಮಣ್ಣಿನ ಹಾದಿಯೂ ಎಷ್ಟು ಆದರಕ್ಕೆ ಪಾತ್ರವಾಗಬಲ್ಲವೆಂಬುದು ತಿಳಿಯುತ್ತದೆ. ನಮ್ಮ ಮಕ್ಕಳ ಚಿತ್ರಗಳಲ್ಲಿ ಹಿನ್ನೆಲೆಯೆಂಬುದು ಇರುವುದೇ ಇಲ್ಲ. ಇದ್ದರೆ ಅವರು ಎಂದೂ ನೋಡದ ಚೆರಿ ಮರದ ಹೂಗಳು ಉದುರುತ್ತಿರುತ್ತವೆ. ಬೇಸಿಗೆಯಲ್ಲಿ ಬಂಡೀಪುರದ ರಸ್ತೆಯ ಇಕ್ಕೆಲದಲ್ಲಿ ಎಲೆಯುದುರಿಸಿ ನಿಂತ ಮತ್ತಿ, ತೇಗದ ಮರಗಳು ಕೊಂಬೆ ಹೇಗೆ ಕವಲೊಡೆಯುತ್ತದೆಂಬುದನ್ನು ಯಾವ ಮರೆಯೂ ಇಲ್ಲದೆ ತೋರಿಸುತ್ತವೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ 1,454 ಮೀಟರು ಎತ್ತರದಲ್ಲಿ ಮುಂಜಾನೆಯ ಮಂಜು ಹತ್ತಿರದ ಹುಲ್ಲನ್ನು ಗಾಢವಾಗಿಯೂ, ಮುಂದಿನ ಗುಡ್ಡವನ್ನು ಮಸುಕಾಗಿಯೂ, ಅದರಾಚೆಯದನ್ನು ಇದೆಯೋ ಇಲ್ಲವೋ ಎಂಬಂತೆಯೂ ವಿಂಗಡಿಸಿಡುತ್ತದೆ. ಮೂರು ಪೆನ್ಸಿಲ್ ಛಾಯೆಗಳಲ್ಲಿ ದೂರವನ್ನು ಸಾಧಿಸುವ ಪಾಠ ಅಲ್ಲಿದೆ. ಚೆಂಡುಹೂವಿನ ಹೊಲದ ಮುಂದೆ ನಿಂತು ಸೆಲ್ಫಿ ತೆಗೆಯುವ ಪ್ರವಾಸಿಗರು ಒಂದು ಕ್ಷಣದಲ್ಲಿ ಹೊರಟುಹೋಗುತ್ತಾರೆ. ಆ ಹೊಲದ ಅಂಚಿನಲ್ಲಿ ಬೆಳೆದ ಮಗುವಿಗೆ ಮಾತ್ರ ಬೆಳಗಿನ ಹಳದಿಗೂ ಸಂಜೆಯ ಹಳದಿಗೂ ಇರುವ ಭೇದ ಗೊತ್ತು.

ಇಷ್ಟೆಲ್ಲ ಶ್ರಮವೇಕೆ, ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಹೇಳಿದರೆ ಅರೆನಿಮಿಷದಲ್ಲಿ ಬರೆದುಕೊಡುತ್ತದಲ್ಲ ಎನ್ನುವವರಿದ್ದಾರೆ. 2025ರ ಮಾರ್ಚಿ ತಿಂಗಳಿನಲ್ಲಿ ಲೋಕವೆಲ್ಲ ತಮ್ಮ ತಮ್ಮ ಫೋಟೋಗಳನ್ನು ಟೊಟೊರೊವನ್ನು ನಿರ್ಮಿಸಿದ ಘಿಬ್ಲಿ ಸಂಸ್ಥೆಯ ಶೈಲಿಗೆ ಮಾರ್ಪಡಿಸಿಕೊಂಡು ಸಂಭ್ರಮಿಸಿದ್ದನ್ನು ಕಂಡೆವು. ಅದರಿಂದ ಚಿತ್ರ ದೊರೆತಿರಬಹುದು; ನೋಡುವ ಶಕ್ತಿ ಯಾರಿಗೂ ದೊರೆಯಲಿಲ್ಲ. ಹೂ ಕಟ್ಟುವ ಕೈಯನ್ನು ಒಂದು ಗಂಟೆ ನೋಡಿ ಬರೆದ ಬಾಲಕಿಗೆ ಆ ಕೈಯ ದಣಿವೂ ನೈಪುಣ್ಯವೂ ತಿಳಿದಿರುತ್ತವೆ. ಇದು ಅವಳು ಮುಂದೆ ಚಿತ್ರಗಾರ್ತಿಯಾಗಲಿ ಆಗದಿರಲಿ, ದಾದಿಯಾಗಲಿ, ಉಪಾಧ್ಯಾಯಿನಿಯಾಗಲಿ, ಅವಳಲ್ಲಿ ಉಳಿಯತಕ್ಕದ್ದು.

ಆದರೆ ಇದನ್ನು ಹೇಳಿಕೊಡುವವರು ಯಾರು? ಸರ್ಕಾರಿ ಪ್ರೌಢಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರ ಹುದ್ದೆಯನ್ನು ಖಾಲಿ ಬಿಟ್ಟರೂ ನಡೆಯುತ್ತದೆಂಬ ಭಾವನೆ ಬೇರೂರಿಬಿಟ್ಟಿದೆ; ಚಿತ್ರಕಲೆಯ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವುದು ವಾಡಿಕೆಯಾಗಿದೆ. ಚಿತ್ರಕಲೆಯನ್ನು ಶಾಸ್ತ್ರೀಯವಾಗಿ ಓದಬೇಕೆನ್ನುವ ಮಗು ಚಾಮರಾಜನಗರದಿಂದಾಗಲಿ ಗುಂಡ್ಲುಪೇಟೆಯಿಂದಾಗಲಿ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೆ, ಅಲ್ಲಿಯ ಕಾವಾದಂತಹ ಸಂಸ್ಥೆಗೆ ಹೋಗಬೇಕು. ಹೋಗುವಷ್ಟು ಆಸೆ ಉಳಿಯಬೇಕಾದರೆ ಹೈಸ್ಕೂಲಿನಲ್ಲಿ ಒಬ್ಬರಾದರೂ ಅದರ ಕೊನೆಯ ಪುಟಗಳನ್ನು ಆದರದಿಂದ ನೋಡಿರಬೇಕು. ಮುಂದೆ ವ್ಯಂಗ್ಯಚಿತ್ರಕಾರರಾಗಿ ಹೆಸರಾದ ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ಬಾಲಕರಾಗಿದ್ದಾಗ ಬರೆದ ಅರಳಿಯೆಲೆಯೊಂದನ್ನು ಉಪಾಧ್ಯಾಯರೊಬ್ಬರು ಮೆಚ್ಚಿಕೊಂಡರೆಂಬುದನ್ನು ಅವರು ವೃದ್ಧಾಪ್ಯದವರೆಗೂ ನೆನೆದರು. ಆ ಉಪಾಧ್ಯಾಯರು ಚಿತ್ರಕಾರರೇನೂ ಆಗಿರಬೇಕಾಗಿರಲಿಲ್ಲ. ಎಲೆಯನ್ನು ಎಲೆಯೆಂದು ಗುರುತಿಸಿ ಒಂದು ಮಾತು ಹೇಳಿದರು, ಅಷ್ಟೆ.

ಹುದ್ದೆಗಳನ್ನು ತುಂಬುವುದು ಸರ್ಕಾರದ ಕೆಲಸ. ಅದನ್ನು ಜಿಲ್ಲೆಯ ಜನಪ್ರತಿನಿಧಿಗಳು ಕೇಳಬೇಕು, ನಾವು ಅವರನ್ನು ಕೇಳಬೇಕು. ಅಷ್ಟರವರೆಗೆ ಕಾಯದೆ ಮಾಡಬಹುದಾದುದೂ ಇದೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳೆಂಬ ಗ್ರಂಥಾಲಯಗಳಲ್ಲಿ ಭಾನುವಾರ ಒಂದು ಗಂಟೆಯ ಕಾಲ ಮಕ್ಕಳು ಕುಳಿತು ಬರೆಯಲು ಒಂದು ಮೇಜನ್ನೂ ಗೆರೆಯಿಲ್ಲದ ಹಾಳೆಗಳನ್ನೂ ಇಡಬಹುದು. ಪ್ರತಿಭಾ ಕಾರಂಜಿಯ ಚಿತ್ರಕಲಾ ಸ್ಪರ್ಧೆಯಲ್ಲಿ ಸೂರ್ಯೋದಯ, ಗುಡಿಸಲು, ತೆಂಗಿನ ಮರಗಳ ಸಿದ್ಧ ದೃಶ್ಯದ ಬದಲಾಗಿ ಒಂದು ಕಥೆಯನ್ನು ನಾಲ್ಕು ಚೌಕಟ್ಟುಗಳಲ್ಲಿ ಹೇಳುವಂತೆ ಕೇಳಬಹುದು. ಚಿತ್ರಕಥೆ ಕನ್ನಡಕ್ಕೆ ಅನ್ಯವಾದುದಲ್ಲ. ದೇಶವೆಲ್ಲ ಬಲ್ಲ ಅಮರ ಚಿತ್ರಕಥೆಯೇ 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ ಮೊಟ್ಟಮೊದಲು ಕನ್ನಡದಲ್ಲಿ ಪ್ರಕಟವಾಯಿತು. ಕಥೆಗಳಿಗಂತೂ ನಮ್ಮ ಜಿಲ್ಲೆ ಬಡವಾಗಿಲ್ಲ. ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆ, ದೇವರಗುಡ್ಡರು ಹಾಡುವ ಮಾದಪ್ಪನ ಹುಲಿಯ ಸವಾರಿ, ಬಿಳಿಗಿರಿರಂಗನಿಗೂ ಸೋಲಿಗರ ಕುಸುಮಾಲೆಗೂ ನಡೆದ ಮದುವೆ, ಇವುಗಳಲ್ಲಿ ಅನಿಮೆಯ ಕಲಾವಿದನು ಬಯಸತಕ್ಕ ಕಾಡು, ಕ್ರೋಧ, ಕಾರುಣ್ಯ, ಪವಾಡಗಳೆಲ್ಲ ತುಂಬಿವೆ. ಮಾದಪ್ಪನಿಗೆ ವಿಶಾಲವಾದ ಕಣ್ಣುಗಳನ್ನು ಬರೆದರೆ ಯಾವ ಅಪಚಾರವೂ ಇಲ್ಲ, ನಮ್ಮ ಗುಡಿಯ ಗೋಡೆಗಳಲ್ಲಿ ದೇವರು ಎಂದಿನಿಂದಲೂ ವಿಶಾಲಾಕ್ಷನೇ.

ಬೇಸಿಗೆಯ ರಜೆಯ ಬಳಿಕ ಶಾಲೆಗಳು ತೆರೆದಾಗ ಪೋಷಕರು ಪುಸ್ತಕದ ಅಂಗಡಿಗೆ ಹೋಗುವುದು ಇದ್ದೇ ಇದೆ. ಲಾಂಗ್ ನೋಟ್‌ಬುಕ್ಕುಗಳ ಕಟ್ಟಿನ ಜೊತೆಗೆ ಗೆರೆಯಿಲ್ಲದ ಒಂದು ಪುಸ್ತಕವನ್ನೂ, ಒಂದು 2ಬಿ ಪೆನ್ಸಿಲ್ಲನ್ನೂ, ಒಂದು ಒಳ್ಳೆಯ ರಬ್ಬರನ್ನೂ ಕೊಂಡು ತಂದು, ಮೊದಲ ಪುಟದಿಂದಲೇ ಚಿತ್ರ ಬರೆಯೆಂದು ಮಗುವಿನ ಕೈಗೆ ಕೊಡಿ. ವಾರಕ್ಕೊಮ್ಮೆ ಪಕ್ಕದಲ್ಲಿ ಕುಳಿತು, ಈ ಕೈ ಯಾರದು, ಈ ಮರ ಎಲ್ಲಿಯದು ಎಂದು ಕೇಳಿ.